ಕ್ಯಾಬಿನ್ ಪ್ರೆಶರ್ ಸಮಸ್ಯೆ ಅಂತ ವಿಮಾನ ವಾಪಸ್ ತಿರುಗಿಸಿದರು. ಇದು ನಿಜಕ್ಕೂ ಎಷ್ಟು ಅಪಾಯ?

ವಿದ್ಯಾನಗರ ಪಯಣಿಗ:
ಗೆಳೆಯರೇ, ಯಾರಿಗಾದರೂ ವಿಮಾನದ ವಿಷಯ ಗೊತ್ತಿದ್ದರೆ ಸ್ವಲ್ಪ ಬಿಡಿಸಿ ಹೇಳಿ. ಇತ್ತೀಚೆಗೆ ಮನೆಯವರ ಜೊತೆ ಹುಬ್ಬಳ್ಳಿಯಿಂದ ಮುಂಬೈಗೆ ಹೋಗಿ, ಅಲ್ಲಿ ವಿಮಾನ ಬದಲಿಸಿ ಉತ್ತರದ ಕಡೆ ಹೊರಟಿದ್ದೆವು. ಎರಡನೇ ವಿಮಾನ ಮೇಲೇರುವಾಗ ಎಲ್ಲರಿಗೂ ಕಿವಿ ಟಪ್ ಟಪ್ ಅನ್ನಲು ಶುರುವಾಯಿತು. ಮಾಮೂಲಿ ಅಂದುಕೊಂಡೆ, ಆದರೆ ನಿಲ್ಲಲೇ ಇಲ್ಲ. ಸ್ವಲ್ಪ ಹೊತ್ತಿಗೆ ವಿಮಾನ ಏರುವುದನ್ನು ನಿಲ್ಲಿಸಿತು. ಟ್ರಾಲಿ ಹೊರತೆಗೆದಿದ್ದ ಸಿಬ್ಬಂದಿ ಅದನ್ನು ಒಳಗೆ ತಳ್ಳಿ ಸೀಟಿನಲ್ಲಿ ಕೂತುಬಿಟ್ಟರು. ಆಮೇಲೆ ಕ್ಯಾಪ್ಟನ್ ದನಿ ಬಂತು: ಕ್ಯಾಬಿನ್ ಪ್ರೆಶರ್‌ನಲ್ಲಿ ತೊಂದರೆ ಇದೆ, ಮುಂಬೈಗೆ ವಾಪಸ್ ಹೋಗುತ್ತಿದ್ದೇವೆ, ಗಾಬರಿ ಬೇಡ. ಅಷ್ಟೇ. ಆಕ್ಸಿಜನ್ ಮಾಸ್ಕ್ ಬೀಳಲಿಲ್ಲ. ಇಳಿಯುವಾಗ ಮಾತ್ರ ಕಿವಿ ಹರಿದುಹೋದಂಗಾಯಿತು, ನನ್ನ ತಮ್ಮನ ಮಗಳು ಜೋರಾಗಿ ಅತ್ತಳು.

ಕೆಳಗೆ ಇಳಿದ ಮೇಲೆ ಒಂದು ಸ್ಯಾಂಡ್‌ವಿಚ್ ಕೊಟ್ಟು ಕೂರಿಸಿದರು. ಏನಾಗಿತ್ತು ಅಂತ ಕೇಳಿದರೆ 'ಟೆಕ್ನಿಕಲ್' ಅನ್ನುವುದು ಬಿಟ್ಟು ಬೇರೆ ಉತ್ತರ ಇಲ್ಲ. ಕಂಪನಿ ಹೆಸರು ಬೇಡ ಬಿಡಿ. ನನ್ನ ಪ್ರಶ್ನೆ: ಏನು ಕೆಟ್ಟಿರಬಹುದು? ನಾವು ಎಷ್ಟು ಅಪಾಯದಲ್ಲಿದ್ದೆವು? ಕೆಳಗಿನ ಎತ್ತರದಲ್ಲೇ ಹಾರಿಸಿಕೊಂಡು ಹೋಗಿ ಊರು ಮುಟ್ಟಿಸಬಹುದಿತ್ತಲ್ವಾ?

ಗಿರ್ಮಿಟ್ ಗಿರಾಕಿ:
ಸ್ಯಾಂಡ್‌ವಿಚ್ ಬಿಸಿ ಇತ್ತಾ ತಣ್ಣಗಿತ್ತಾ? ಅದನ್ನು ಮೊದಲು ಹೇಳಿ.

ರೈಲೇ ಬೆಸ್ಟ್:
ನಮ್ಮ ಹುಬ್ಬಳ್ಳಿಯಲ್ಲಿ ಒಂದೂವರೆ ಕಿಲೋಮೀಟರ್ ಉದ್ದದ ಪ್ಲಾಟ್‌ಫಾರ್ಮ್ ಕಟ್ಟಿ ಇಟ್ಟಿದ್ದಾರೆ. ಅಲ್ಲಿ ನಿಂತರೆ ಯಾವ ಕಿವಿಯೂ ನೋಯುವುದಿಲ್ಲ.

ಗಿರ್ಮಿಟ್ ಗಿರಾಕಿ:
ಕಿವಿ ನೋಯಲ್ಲ, ಕಾಲು ನೋಯುತ್ತದೆ. ನಿಮ್ಮ ಬೋಗಿ ಯಾವಾಗಲೂ ಆ ತುದಿಗೇ ಬರುವುದು.

ಗದಗ ನಿವೃತ್ತ:
ನಾನು ವಾಯುಪಡೆಯಲ್ಲಿ ಟೆಕ್ನಿಷಿಯನ್ ಆಗಿದ್ದವನು, ತರಬೇತಿ ಇಲ್ಲೇ ಬೆಳಗಾವಿಯ ಸಾಂಬ್ರಾದಲ್ಲಿ. ಗೊತ್ತಿರುವಷ್ಟು ಹೇಳುತ್ತೇನೆ.

ವಿಮಾನದೊಳಗೆ ಗಾಳಿಯನ್ನು ಒಮ್ಮೆ ತುಂಬಿಸಿ ಮುಚ್ಚಿಡುವುದಿಲ್ಲ. ಮನೆ ಮೇಲಿನ ಟ್ಯಾಂಕಿಗೆ ಒಂದು ಕಡೆ ಪಂಪ್ ನೀರು ಬಿಡುತ್ತಿರುತ್ತದೆ, ಇನ್ನೊಂದು ಕಡೆ ನಲ್ಲಿ ಸ್ವಲ್ಪ ತೆರೆದಿರುತ್ತದೆ ಅಂದುಕೊಳ್ಳಿ. ನಲ್ಲಿಯನ್ನು ಎಷ್ಟು ತಿರುಗಿಸುತ್ತೀರಿ ಅನ್ನುವುದರ ಮೇಲೆ ನೀರಿನ ಮಟ್ಟ ನಿಲ್ಲುತ್ತದೆ. ವಿಮಾನದಲ್ಲಿ ಪಂಪ್ ಕೆಲಸ ಮಾಡುವುದು ಎಂಜಿನ್. ಅದರ ಕಂಪ್ರೆಸರ್‌ನಿಂದ ಬಿಸಿ ಗಾಳಿ ಎಳೆದು, ತಣ್ಣಗೆ ಮಾಡಿ ಒಳಗೆ ಬಿಡುತ್ತಾರೆ. ಇದಕ್ಕೆ ಬ್ಲೀಡ್ ಏರ್ ಅನ್ನುತ್ತಾರೆ. ನಲ್ಲಿ ಅಂದರೆ ಹಿಂಭಾಗದ ಹತ್ತಿರ ಇರುವ ಔಟ್‌ಫ್ಲೋ ವಾಲ್ವ್. ಕಂಪ್ಯೂಟರ್ ಅದನ್ನು ತುಸು ತೆರೆಯುತ್ತಾ ತುಸು ಮುಚ್ಚುತ್ತಾ ಇರುತ್ತದೆ.

ಹಾಗಾಗಿ ನಿಮ್ಮ ವಿಮಾನದಲ್ಲಿ ಬ್ಲೀಡ್ ವಾಲ್ವ್ ಅಥವಾ ಪ್ಯಾಕ್ ಕೈಕೊಟ್ಟಿರಬಹುದು. ಪ್ಯಾಕ್ ಅಂದರೆ ಆ ಗಾಳಿ ತಣ್ಣಗೆ ಮಾಡುವ ಯಂತ್ರ. ಔಟ್‌ಫ್ಲೋ ವಾಲ್ವ್ ಸರಿಯಾಗಿ ಮುಚ್ಚದೆ ಇರಬಹುದು, ಅದನ್ನು ಆಡಿಸುವ ಕಂಟ್ರೋಲರ್ ಕೆಟ್ಟಿರಬಹುದು, ಬಾಗಿಲಿನ ಸೀಲ್ ಸೋರಿರಬಹುದು. ಕೊನೆಯದು ಆಗಿದ್ದರೆ ಬಾಗಿಲ ಹತ್ತಿರ ಕೂತವರಿಗೆ ಸಿಳ್ಳೆಯಂಥ ಸದ್ದು ಕೇಳುತ್ತಿತ್ತು. ಕೇಳಿಸಿತಾ?

ವಿದ್ಯಾನಗರ ಪಯಣಿಗ:
ಸಿಳ್ಳೆ ಇಲ್ಲ ಸರ್. ನಾವು ರೆಕ್ಕೆ ಹತ್ತಿರ ಕೂತಿದ್ದೆವು.

ಬ್ಯಾಡಗಿ ಖಾರ:
ನನಗೆ ಒಂದೇ ಅನುಮಾನ. ಪ್ರೆಶರ್ ಹೋಗಿದೆ ಅಂತ ಅವರೇ ಒಪ್ಪಿಕೊಂಡಿದ್ದಾರೆ. ಹಾಗಿದ್ದರೆ ಮಾಸ್ಕ್ ಯಾಕೆ ಬೀಳಲಿಲ್ಲ? ಮಾಸ್ಕೂ ಕೆಟ್ಟಿತ್ತು ಅಂತ ತಾನೇ ಅರ್ಥ? ಮುಚ್ಚಿ ಹಾಕುತ್ತಿದ್ದಾರೆ.

ಗದಗ ನಿವೃತ್ತ:
ಅರ್ಥ ಅದಲ್ಲ. ಒಳಗಿನ ಒತ್ತಡವನ್ನು ಎತ್ತರದ ಲೆಕ್ಕದಲ್ಲೇ ಅಳೆಯುತ್ತಾರೆ, ಅದನ್ನು ಕ್ಯಾಬಿನ್ ಎತ್ತರ ಅನ್ನುತ್ತಾರೆ. ವಿಮಾನ 35,000 ಅಡಿಯಲ್ಲಿದ್ದರೂ ಕ್ಯಾಬಿನ್ ಎತ್ತರ 8,000 ಅಡಿ ದಾಟಬಾರದು ಅನ್ನುವುದು ನಿಯಮ. ಅದು ಸುಮಾರು 10,000 ಮುಟ್ಟಿದರೆ ಕಾಕ್‌ಪಿಟ್‌ನಲ್ಲಿ ಎಚ್ಚರಿಕೆ ಹೊಡೆದುಕೊಳ್ಳುತ್ತದೆ. ಮಾಸ್ಕ್ ತಾನಾಗಿ ಬೀಳುವುದು ಸುಮಾರು 14,000ಕ್ಕೆ. ಇವರು ಅಲ್ಲಿಗೆ ಹೋಗುವ ಮೊದಲೇ ಪೈಲಟ್ ಏರುವುದನ್ನು ನಿಲ್ಲಿಸಿದ್ದಾರೆ. ಮಾಸ್ಕ್ ಬೀಳಲಿಲ್ಲ ಅಂದರೆ ಪೈಲಟ್ ಬೇಗ ಎಚ್ಚೆತ್ತ ಅಂತ.

ಸಾಧನಕೇರಿ ಮಾಸ್ತರ:
ಸ್ವಲ್ಪ ಅಂಕಿ ಹಾಕುತ್ತೇನೆ, ಹಳೇ ಚಟ. ಸಮುದ್ರ ಮಟ್ಟದಲ್ಲಿ ಗಾಳಿಯ ಒತ್ತಡ ಚದರ ಇಂಚಿಗೆ 14.7 ಪೌಂಡ್. 8,000 ಅಡಿಯಲ್ಲಿ ಸುಮಾರು 10.9. 35,000 ಅಡಿಯಲ್ಲಿ ಬರೀ 3.5ರ ಹತ್ತಿರ. ಹೊರಗೆ ಮೈನಸ್ 54 ಡಿಗ್ರಿ ಚಳಿ ಬೇರೆ. ಊಟಿ ಸುಮಾರು 7,350 ಅಡಿ. ಅಂದರೆ ಹೆಚ್ಚಿನ ವಿಮಾನಗಳಲ್ಲಿ ನೀವು ಊಟಿಯ ಆಸುಪಾಸಿನ ಗಾಳಿ ಉಸಿರಾಡುತ್ತಾ ಕೂತಿರುತ್ತೀರಿ. ಬೋಯಿಂಗ್ 787ರಲ್ಲಿ ಅದು 6,000 ಅಡಿ, ನಮ್ಮ ಮುಳ್ಳಯ್ಯನಗಿರಿಯ ತುದಿಗಿಂತ ಸ್ವಲ್ಪ ಕೆಳಗೆ. ದೂರ ಪ್ರಯಾಣ ಮಾಡಿದವರು 787ರಲ್ಲಿ ತಲೆನೋವು ಕಡಿಮೆ ಅನ್ನುವುದಕ್ಕೆ ಇದೂ ಒಂದು ಕಾರಣ.

ಬಿವಿಬಿ ಮೆಕ್ಯಾನಿಕಲ್:
787ರಲ್ಲಿ ಕ್ಯಾಬಿನ್‌ಗೆ ಬ್ಲೀಡ್ ಏರ್ ಬಳಸುವುದೇ ಇಲ್ಲ. ಕರೆಂಟಿನಿಂದ ಓಡುವ ಕಂಪ್ರೆಸರ್ ಹೊರಗಿನ ಗಾಳಿಯನ್ನೇ ಎಳೆದು ಒತ್ತುತ್ತದೆ. ಗದಗ ಸರ್ ಹೇಳಿದ್ದು ಉಳಿದ ಹೆಚ್ಚಿನ ವಿಮಾನಗಳಿಗೆ ಸರಿ.

ಗದಗ ನಿವೃತ್ತ:
ಹೌದು, ಸರಿಯಾಗಿ ಹೇಳಿದೆಯಪ್ಪ.

ರಾಣೆಬೆನ್ನೂರು ಬೀಜದಂಗಡಿ:
ಊಟಿ ಯಾಕೆ? ಪೂರ್ತಿ ಹುಬ್ಬಳ್ಳಿ ಗಾಳಿಯನ್ನೇ ಇಟ್ಟುಬಿಟ್ಟರೆ ಆಯಿತಲ್ಲ. ದುಡ್ಡು ಉಳಿಸುವುದಕ್ಕಾ?

ಬಿವಿಬಿ ಮೆಕ್ಯಾನಿಕಲ್:
ದುಡ್ಡೂ ಇದೆ, ಲೋಹವೂ ಇದೆ. ಒಳಗೆ ಒತ್ತಡ ಜಾಸ್ತಿ ಇಟ್ಟಷ್ಟೂ ವಿಮಾನದ ಮೈ ಹೊರಗೆ ಉಬ್ಬಲು ನೋಡುತ್ತದೆ. ಅದನ್ನು ತಡೆಯಲು ಗೋಡೆ ದಪ್ಪ ಮಾಡಬೇಕು, ತೂಕ ಏರುತ್ತದೆ. ಅದಕ್ಕಿಂತ ದೊಡ್ಡದು ದಣಿವು. ಪ್ರತಿ ಸಲ ಹಾರಿದಾಗ ಮೈ ಒಮ್ಮೆ ಉಬ್ಬಿ ಒಮ್ಮೆ ಕುಗ್ಗುತ್ತದೆ. ಸಾವಿರಾರು ಸಲ ಆದ ಮೇಲೆ ಸಣ್ಣ ಬಿರುಕು ಹುಟ್ಟುತ್ತದೆ. 787, ಏರ್‌ಬಸ್‌ನ ಎ350 ಎರಡರ ಮೈಯಲ್ಲೂ ಕಾರ್ಬನ್ ಫೈಬರ್ ಜಾಸ್ತಿ. ಅದು ಲೋಹದಷ್ಟು ದಣಿಯುವುದಿಲ್ಲ, ಅದಕ್ಕೇ 6,000 ಅಡಿ ಸಾಧ್ಯವಾಗಿದ್ದು.

1954ರಲ್ಲಿ ಬ್ರಿಟನ್ನಿನ ಕಾಮೆಟ್ ಜೆಟ್‌ಗಳು ಎರಡು ಆಕಾಶದಲ್ಲೇ ಒಡೆದುಹೋದವು, ಜನವರಿಯಲ್ಲಿ ಒಂದು, ಏಪ್ರಿಲ್‌ನಲ್ಲಿ ಒಂದು. ಚೌಕ ಕಿಟಕಿ ಇಟ್ಟಿದ್ದರು, ಮೂಲೆಯಿಂದ ಬಿರುಕು ಬಂತು. ಅದಕ್ಕೇ ಈಗ ಎಲ್ಲಾ ಕಿಟಕಿಯೂ ದುಂಡನೆ ಮೂಲೆ.

ಗದಗ ನಿವೃತ್ತ:
ಎಲ್ಲರೂ 'ಚೌಕ ಕಿಟಕಿ' ಅಂತಲೇ ಹೇಳುತ್ತಾರೆ, ಪೂರ್ತಿ ಹಾಗಲ್ಲ. ಸಮುದ್ರದಿಂದ ಎತ್ತಿದ ಮೊದಲ ವಿಮಾನದಲ್ಲಿ ಬಿರುಕು ಶುರುವಾಗಿದ್ದು ಚಾವಣಿಯಲ್ಲಿ, ಆಂಟೆನಾಗೆ ಅಂತ ಮಾಡಿದ್ದ ತೂತಿನ ಮೂಲೆಯಲ್ಲಿ. ಪ್ರಯಾಣಿಕರ ಕಿಟಕಿಯಲ್ಲಿ ಅಲ್ಲ. ಪರೀಕ್ಷೆಗೆ ಅಂತ ಇನ್ನೊಂದು ಕಾಮೆಟ್ಟನ್ನು ದೊಡ್ಡ ನೀರಿನ ತೊಟ್ಟಿಯಲ್ಲಿಟ್ಟು ಮತ್ತೆ ಮತ್ತೆ ಒತ್ತಡ ಕೊಟ್ಟು ನೋಡಿದರು. ಅದು ಕಿಟಕಿ ಮೂಲೆಯ ಹತ್ತಿರ ಸೀಳಿತು. ಒಟ್ಟಿನಲ್ಲಿ ಮೂಲೆಯ ಕಥೆ ನಿಜ.

ಬಿರುಕಿನ ಮಾತು ಬಂದಿದ್ದಕ್ಕೆ ಇನ್ನೊಂದು ಹೇಳುತ್ತೇನೆ. 1988ರ ಏಪ್ರಿಲ್ 28ರಂದು ಹವಾಯಿಯಲ್ಲಿ ಅಲೋಹಾ ಏರ್‌ಲೈನ್ಸ್‌ನ ಬೋಯಿಂಗ್ 737. 24,000 ಅಡಿಯಲ್ಲಿ ಮುಂಭಾಗದ ಚಾವಣಿ ಸುಮಾರು 18 ಅಡಿ ಉದ್ದ ಕಿತ್ತು ಹೋಯಿತು. ಜನ ಬೆಲ್ಟ್ ಕಟ್ಟಿಕೊಂಡು ಬಯಲಲ್ಲಿ ಕೂತ ಹಾಗೆ. ಒಬ್ಬ ಗಗನಸಖಿ ಹೊರಗೆ ಹಾರಿಹೋದರು, ಉಳಿದವರೆಲ್ಲ ಬದುಕಿದರು. ಆ ವಿಮಾನ ಅಲ್ಲಿನ ದ್ವೀಪಗಳ ನಡುವೆ ಚಿಕ್ಕ ಚಿಕ್ಕ ಪ್ರಯಾಣ ಮಾಡುತ್ತಿತ್ತು. ಅಷ್ಟರಲ್ಲಿ ಅದು ಸುಮಾರು 89,000 ಸಲ ಹಾರಿ ಇಳಿದಿತ್ತು. ಮೇಲೆ ಸಮುದ್ರದ ಉಪ್ಪು ಗಾಳಿ. ನನ್ನ ಕೇಳಿದರೆ ವಿಮಾನಕ್ಕೆ ಎಷ್ಟು ವರ್ಷ ಅಂತ ಕೇಳಬಾರದು, ಎಷ್ಟು ಸಲ ಹಾರಿದೆ ಅಂತ ಕೇಳಬೇಕು.

ನವನಗರದ ತಾಯಿ:
ಯಪ್ಪಾ, ಮುಂದಿನ ತಿಂಗಳು ಟಿಕೆಟ್ ಆಗಿದೆ ನಮ್ದು. ಇದನ್ನೆಲ್ಲ ಓದಿ ಹೊಟ್ಟೆಯಲ್ಲಿ ಏನೋ ಆಗುತ್ತಿದೆ.

ಗಿರ್ಮಿಟ್ ಗಿರಾಕಿ:
ಅದು ಗ್ಯಾಸ್. ಮೇಲೆ ಹೋದರೆ ಇನ್ನೂ ಉಬ್ಬುತ್ತದೆ.

ಸಾಧನಕೇರಿ ಮಾಸ್ತರ:
ಅವನು ತಮಾಷೆಗೆ ಹೇಳಿದ್ದು, ಆದರೆ ಸತ್ಯ. 8,000 ಅಡಿಯಲ್ಲಿ ಮುಚ್ಚಿದ ಗಾಳಿ ಮೂರನೇ ಒಂದು ಭಾಗದಷ್ಟು ಹಿಗ್ಗುತ್ತದೆ. ಚಿಪ್ಸ್ ಪಾಕೀಟು ಉಬ್ಬುವುದನ್ನು ನೋಡಿರುತ್ತೀರಿ. ಹೊಟ್ಟೆಯೊಳಗಿನ ಗಾಳಿಗೂ ಅದೇ ನಿಯಮ. ಹಾಗಾಗಿ ಹತ್ತುವ ಮೊದಲು ಮಿರ್ಚಿ ಭಜಿ, ಸೋಡಾ ಎರಡೂ ಬೇಡ.

ಕಿವಿ ಮೂಗು ಗಂಟಲು, ಧಾರವಾಡ:
ಕಿವಿಯ ವಿಷಯ ಯಾರೂ ಸರಿಯಾಗಿ ಹೇಳಿಲ್ಲ, ನಾನು ಹೇಳುತ್ತೇನೆ. ಕಿವಿ ತಮಟೆಯ ಒಳಗೆ ಸ್ವಲ್ಪ ಗಾಳಿ ಇರುತ್ತದೆ. ಅಲ್ಲಿಂದ ಮೂಗಿನ ಹಿಂಭಾಗಕ್ಕೆ ಒಂದು ಸಣ್ಣ ಕೊಳವೆ ಇದೆ. ವಿಮಾನ ಮೇಲೇರುವಾಗ ಒಳಗಿನ ಗಾಳಿ ಹಿಗ್ಗಿ ಆ ಕೊಳವೆಯನ್ನು ತಾನೇ ತೆರೆದುಕೊಂಡು ಹೊರಬರುತ್ತದೆ. ಅದೇ ಟಪ್ ಅನ್ನುವ ಸದ್ದು. ಇಳಿಯುವಾಗ ಹಾಗಲ್ಲ. ಗಾಳಿ ಒಳಗೆ ಹೋಗಬೇಕು, ಕೊಳವೆ ತಾನಾಗಿ ತೆರೆಯುವುದಿಲ್ಲ. ನಾವೇ ನುಂಗಬೇಕು, ಆಕಳಿಸಬೇಕು. ಅದಕ್ಕೇ ನೋವು ಜಾಸ್ತಿ ಇಳಿಯುವಾಗ.

ಮಾಮೂಲಿ ದಿನ ಕ್ಯಾಬಿನ್ ಎತ್ತರವನ್ನು ನಿಮಿಷಕ್ಕೆ 300 ಅಡಿಯಷ್ಟು ನಿಧಾನವಾಗಿ ಇಳಿಸುತ್ತಾರೆ. ಸಿಸ್ಟಂ ಕೆಟ್ಟು, ವಿಮಾನ ಬೇಗ ಇಳಿದರೆ ಕಿವಿಗೆ ಅಷ್ಟು ಸಮಯ ಸಿಗುವುದಿಲ್ಲ. ಪಯಣಿಗರೇ, ನಿಮ್ಮ ತಮ್ಮನ ಮಗಳು ಅತ್ತಿದ್ದು ಇದಕ್ಕೇ. ಅತ್ತಿದ್ದೇ ಒಳ್ಳೆಯದಾಯಿತು, ಅಳುವಾಗ ಮಕ್ಕಳು ನುಂಗುತ್ತಾರೆ.

ಶೀತ ಇದ್ದರೆ ಆ ಕೊಳವೆ ಊದಿಕೊಂಡಿರುತ್ತದೆ. ಸಾಧ್ಯವಾದರೆ ಪ್ರಯಾಣ ಮುಂದೂಡಿ. ಆಗದಿದ್ದರೆ ಇಳಿಯಲು ಶುರುವಾಗುವ ಅರ್ಧ ಗಂಟೆ ಮೊದಲು ಮೂಗು ಬಿಡಿಸುವ ಸ್ಪ್ರೇ ಹಾಕಿಕೊಳ್ಳಬಹುದು. ಬಿಪಿ ಇದ್ದವರು ತಮ್ಮ ಡಾಕ್ಟರನ್ನು ಕೇಳಿ ಹಾಕಿಕೊಳ್ಳಿ. ಮೂಗು ಹಿಡಿದು ಬಾಯಿ ಮುಚ್ಚಿ ಊದುವಾಗ ಮೆಲ್ಲಗೆ ಊದಿ, ಬಲ ಹಾಕಬೇಡಿ. ಇಳಿಯುವ ಹೊತ್ತಿಗೆ ನಿದ್ದೆ ಮಾಡಬೇಡಿ, ನಿದ್ದೆಯಲ್ಲಿ ನುಂಗುವುದು ಕಡಿಮೆ. ಕೂಸಿಗೆ ಆಗ ಹಾಲು ಕುಡಿಸಿ.

ಮತ್ತೆ ದಯವಿಟ್ಟು ಕಿವಿಗೆ ಬಿಸಿ ಎಣ್ಣೆ ಬಿಡಬೇಡಿ! ಕಿವಿಯಿಂದ ರಕ್ತ, ನೀರು ಬಂದರೆ, ತಲೆ ತಿರುಗಿದರೆ, ಎರಡು ದಿನವಾದರೂ ಕಿವಿ ಬಿಡದಿದ್ದರೆ ಡಾಕ್ಟರ ಹತ್ತಿರ ಹೋಗಿ.

ನವನಗರದ ತಾಯಿ:
ಥ್ಯಾಂಕ್ಸ್ ಡಾಕ್ಟರ್. ಒಂದು ಪ್ರಶ್ನೆ. ಬೆಂಗಳೂರಿಗೆ ಹೋಗುವಾಗ ನನಗೆ ಏನೂ ಆಗುವುದಿಲ್ಲ, ಮುಂಬೈಗೆ ಹೋದಾಗಲೇ ಕಿವಿ ಕಟ್ಟುತ್ತದೆ. ಮನೆಯವರು 'ಸುಮ್ನೆ ನಿನ್ನ ಭ್ರಮೆ' ಅನ್ನುತ್ತಾರೆ.

ಸಾಧನಕೇರಿ ಮಾಸ್ತರ:
ಭ್ರಮೆ ಅಲ್ಲ ತಾಯಿ, ಮನೆಯವರಿಗೆ ತೋರಿಸಿ ಇದನ್ನು. ಬೆಂಗಳೂರು ವಿಮಾನ ನಿಲ್ದಾಣ ಇರುವುದೇ ಸುಮಾರು 3,000 ಅಡಿ ಎತ್ತರದಲ್ಲಿ, ನಮ್ಮ ಹುಬ್ಬಳ್ಳಿಯದು ಸುಮಾರು 2,100. ಮುಂಬೈ ಸಮುದ್ರದ ಪಕ್ಕ. ಕ್ಯಾಬಿನ್ 7,000 ಅಡಿಯಲ್ಲಿದ್ದರೆ ಬೆಂಗಳೂರಿಗೆ ನಿಮ್ಮ ಕಿವಿ 4,000 ಅಡಿ ಇಳಿಯಬೇಕು, ಮುಂಬೈಗೆ ಪೂರ್ತಿ 7,000.

ಗದಗ ನಿವೃತ್ತ:
ಜೊತೆಗೆ ಬೆಂಗಳೂರಿಗೆ ಹೆಚ್ಚಾಗಿ ಎಟಿಆರ್, ಪಂಖದ ವಿಮಾನ. ಅದರ ಮಿತಿಯೇ 25,000 ಅಡಿ, ಇಷ್ಟು ಹತ್ತಿರಕ್ಕೆ ಅಷ್ಟೂ ಏರುವುದಿಲ್ಲ. ಒಳಗಿನ ಎತ್ತರ ಹೆಚ್ಚೇನೂ ಬದಲಾಗುವುದಿಲ್ಲ. ಗಮನಿಸಿ ನೋಡಿ, ಎಟಿಆರ್‌ನಲ್ಲಿ ತಲೆ ಮೇಲಿಂದ ಮಾಸ್ಕ್ ಬೀಳುವ ವ್ಯವಸ್ಥೆಯೂ ಸಾಮಾನ್ಯವಾಗಿ ಇರುವುದಿಲ್ಲ. ಅಷ್ಟು ಎತ್ತರದಿಂದ ಬೇಗ ಕೆಳಗೆ ಬರಬಹುದು.

ಬ್ಯಾಡಗಿ ಖಾರ:
ಎಲ್ಲರೂ ಪಾಠ ಮಾಡುತ್ತಿದ್ದೀರಿ. ಅವರ ಮೂರನೇ ಪ್ರಶ್ನೆಗೆ ಉತ್ತರ ಎಲ್ಲಿ? 10,000 ಅಡಿಯಲ್ಲೇ ಹಾರಿಸಿಕೊಂಡು ಹೋಗಬಹುದಿತ್ತು. ಜನರ ಅರ್ಧ ದಿನ ಹಾಳಾಯಿತು. ಮದುವೆ ಇರುತ್ತದೆ, ಪರೀಕ್ಷೆ ಇರುತ್ತದೆ, ಆಸ್ಪತ್ರೆ ಇರುತ್ತದೆ.

ಗದಗ ನಿವೃತ್ತ:
ಹಾರಬಹುದು, ತಪ್ಪೇನಿಲ್ಲ. ಆದರೆ ಜೆಟ್ ಎಂಜಿನ್ ಕೆಳಗಿನ ದಪ್ಪ ಗಾಳಿಯಲ್ಲಿ ಇಂಧನ ಜಾಸ್ತಿ ಕುಡಿಯುತ್ತದೆ. 35,000ಕ್ಕೆ ಲೆಕ್ಕ ಹಾಕಿ ತುಂಬಿಸಿದ ಇಂಧನ 10,000ದಲ್ಲಿ ಉತ್ತರ ಭಾರತದವರೆಗೆ ಸಾಲುವ ಖಾತ್ರಿ ಇಲ್ಲ. ದಾರಿಯಲ್ಲಿ ಗುಡ್ಡ, ಮೋಡ, ಮಳೆ ಎಲ್ಲ ಅದೇ ಎತ್ತರದಲ್ಲಿ. ಯಾಕೆ ಕೆಟ್ಟಿತು ಅಂತಲೂ ಆ ಹೊತ್ತಿಗೆ ಪೈಲಟ್‌ಗೆ ಗೊತ್ತಿರುವುದಿಲ್ಲ. ವಾಲ್ವ್ ಆಗಿದ್ದರೆ ಸರಿ, ಮೈಯಲ್ಲೇ ಬಿರುಕು ಬಿಟ್ಟಿದ್ದರೆ? ಮುಂಬೈ ಹತ್ತಿರ ಇತ್ತು, ಅಲ್ಲಿ ಬಿಡಿಭಾಗ, ರಿಪೇರಿಯವರು, ಬೇರೆ ವಿಮಾನ ಎಲ್ಲ ಸಿಗುತ್ತದೆ. ನಾನಾಗಿದ್ದರೂ ತಿರುಗಿಸುತ್ತಿದ್ದೆ.

ಬ್ಯಾಡಗಿ ಖಾರ:
ನೀವು ವಾಯುಪಡೆಯವರು, ಯಾವಾಗಲೂ ಪೈಲಟ್ ಪರ. ಮಾಡುವವರ ಕೈತಪ್ಪೂ ಇರುತ್ತದೆ. 2018ರ ಸೆಪ್ಟೆಂಬರ್‌ನಲ್ಲಿ ಜೆಟ್ ಏರ್‌ವೇಸ್‌ನ ಮುಂಬೈ-ಜೈಪುರ ವಿಮಾನದಲ್ಲಿ ಏನಾಯಿತು? ಬ್ಲೀಡ್ ಸ್ವಿಚ್ ಹಾಕುವುದನ್ನೇ ಮರೆತಿದ್ದರು. ಮಾಸ್ಕ್ ಬಿದ್ದವು, ಮೂವತ್ತರಷ್ಟು ಜನಕ್ಕೆ ಮೂಗು ಕಿವಿಯಲ್ಲಿ ರಕ್ತ ಬಂತು, ವಾಪಸ್ ಮುಂಬೈಗೆ ಇಳಿಸಿದರು. ಎಲ್ಲಾ ಪೇಪರಿನಲ್ಲೂ ಬಂದಿತ್ತು.

ಗದಗ ನಿವೃತ್ತ:
ಬಂದಿತ್ತು, ನಾನು ಅಲ್ಲಗಳೆಯುತ್ತಿಲ್ಲ. ಅದಕ್ಕಿಂತ ಕೆಟ್ಟದ್ದೂ ಆಗಿದೆ. 2005ರ ಆಗಸ್ಟ್ 14, ಸೈಪ್ರಸ್‌ನಿಂದ ಅಥೆನ್ಸ್‌ಗೆ ಹೊರಟ ಹೀಲಿಯೋಸ್ ಕಂಪನಿಯ 737. ಹಿಂದಿನ ರಾತ್ರಿ ಬಾಗಿಲ ಹತ್ತಿರ ಸೋರುತ್ತಿದೆಯಾ ಅಂತ ನೆಲದ ಮೇಲೆ ಒತ್ತಡ ಕೊಟ್ಟು ಪರೀಕ್ಷೆ ಮಾಡಿದ್ದರು. ಅದಕ್ಕೆ ಪ್ರೆಶರ್ ಸ್ವಿಚ್ಚನ್ನು ಆಟೋದಿಂದ ಮ್ಯಾನುಯಲ್‌ಗೆ ತಿರುಗಿಸಿದ್ದರು. ಅದು ಹಾಗೇ ಉಳಿಯಿತು. ಹಾರುವ ಮೊದಲೂ ಹಾರಿದ ಮೇಲೂ ಚೆಕ್‌ಲಿಸ್ಟ್ ಓದುವಾಗ ಪೈಲಟ್‌ಗಳ ಕಣ್ಣಿಗೆ ಬೀಳಲಿಲ್ಲ.

ಏರುವಾಗ ಎಚ್ಚರಿಕೆ ಹಾರ್ನ್ ಹೊಡೆಯಿತು. ಆದರೆ ಆ ವಿಮಾನದಲ್ಲಿ ಅದೇ ಹಾರ್ನ್ ನೆಲದ ಮೇಲೆ ಬೇರೆ ಕಾರಣಕ್ಕೂ ಹೊಡೆಯುತ್ತಿತ್ತು. ಟೇಕಾಫ್‌ಗೆ ವಿಮಾನ ಸರಿಯಾಗಿ ಸಜ್ಜಾಗಿಲ್ಲ ಅಂತ ಹೇಳಲು. ಪೈಲಟ್‌ಗಳು ಅದನ್ನೇ ಅಂದುಕೊಂಡರು. ಕೆಳಗಿನ ಎಂಜಿನಿಯರ್ ಜೊತೆ ರೇಡಿಯೋದಲ್ಲಿ ಮಾತಾಡುತ್ತಾ ಮಾತಾಡುತ್ತಾ ಪ್ರಜ್ಞೆ ತಪ್ಪಿದರು. ವಿಮಾನ ಆಟೋಪೈಲಟ್‌ನಲ್ಲೇ ಅಥೆನ್ಸ್ ಮೇಲೆ ಸುತ್ತುತ್ತಿತ್ತು. ಗ್ರೀಸ್‌ನ ಯುದ್ಧವಿಮಾನಗಳು ಹತ್ತಿರ ಹೋಗಿ ನೋಡಿದರೆ ಒಬ್ಬ ಪೈಲಟ್ ಸೀಟು ಖಾಲಿ, ಇನ್ನೊಬ್ಬರು ಮುಂದಕ್ಕೆ ಬಾಗಿ ಬಿದ್ದಿದ್ದರು. ಸಿಲಿಂಡರ್ ಆಕ್ಸಿಜನ್ ಇಟ್ಟುಕೊಂಡಿದ್ದ ಒಬ್ಬ ಪರಿಚಾರಕ ಕೊನೆಗೆ ಕಾಕ್‌ಪಿಟ್ ತಲುಪಿದ, ಆದರೆ ಅಷ್ಟರಲ್ಲಿ ಇಂಧನ ಮುಗಿಯಿತು. 121 ಜನ ಸತ್ತರು. ಆಮೇಲೆ 737ಗಳಲ್ಲಿ ಪ್ರೆಶರ್‌ಗೆ ಅಂತಲೇ ಪ್ರತ್ಯೇಕ ಎಚ್ಚರಿಕೆ ದೀಪ ಹಾಕಿಸಿದರು.

ಆದ್ದರಿಂದ ಖಾರದವರೇ, ತಿರುಗಿಸಿದ ಪೈಲಟ್ ಮೇಲೆ ನನಗೆ ಸಿಟ್ಟಿಲ್ಲ. ಹಾರ್ನ್ ಕೇಳಿಯೂ ಏರುತ್ತಲೇ ಹೋದವರ ಕಥೆ ಇದು.

ವಿದ್ಯಾನಗರ ಪಯಣಿಗ:
ಮಾತಾಡುತ್ತಲೇ ಪ್ರಜ್ಞೆ ತಪ್ಪುವುದು ಅಂದರೆ? ಉಸಿರು ಕಟ್ಟಿದ ಹಾಗೆ ಆಗುವುದಿಲ್ಲವಾ?

ಕಿವಿ ಮೂಗು ಗಂಟಲು, ಧಾರವಾಡ:
ಇಲ್ಲ. ಉಸಿರು ಕಟ್ಟಿದ ಸಂಕಟ ನಮಗೆ ಬರುವುದು ಮುಖ್ಯವಾಗಿ ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಹೆಚ್ಚಾದಾಗ. ಎತ್ತರದಲ್ಲಿ ನೀವು ಉಸಿರಾಡುತ್ತಲೇ ಇರುತ್ತೀರಿ, ಅದು ಹೊರಗೆ ಹೋಗುತ್ತಲೇ ಇರುತ್ತದೆ. ಆಕ್ಸಿಜನ್ ಮಾತ್ರ ಇಲ್ಲ. ಹಾಗಾಗಿ ಸಂಕಟವೇ ಇಲ್ಲ. ಕೆಲವರಿಗೆ ಖುಷಿಯೇ ಆಗುತ್ತದೆ, ಸುಮ್ನೆ ನಗುತ್ತಾರೆ. ಉಗುರು ನೀಲಿಯಾಗುತ್ತದೆ, ಲೆಕ್ಕ ತಪ್ಪುತ್ತದೆ, ಮುಗಿಯಿತು. ಕಿವಿ ನೋವು ಎಲ್ಲರಿಗೂ ಗೊತ್ತಾಗುತ್ತದೆ, ಆದರೆ ಕೊಲ್ಲುವುದು ಅದಲ್ಲ.

ಗದಗ ನಿವೃತ್ತ:
ಬೆಂಗಳೂರಿನಲ್ಲಿ ವಾಯುಪಡೆಯ ಏರೋಸ್ಪೇಸ್ ಮೆಡಿಸಿನ್ ಸಂಸ್ಥೆ ಇದೆ. ಅಲ್ಲಿ ಗಾಳಿ ಹೊರತೆಗೆಯುವ ಕೋಣೆಯಲ್ಲಿ ಪೈಲಟ್‌ಗಳನ್ನು ಕೂರಿಸಿ ಇದನ್ನು ಅನುಭವಕ್ಕೆ ತರುತ್ತಾರೆ. ಇಂಥ ಕೋಣೆಯಲ್ಲಿ ಮಾಸ್ಕ್ ತೆಗೆಸಿ ಸಣ್ಣ ಲೆಕ್ಕ ಮಾಡಿಸುವುದು, ಹೆಸರು ಬರೆಸುವುದು ವಾಡಿಕೆ. ಅಕ್ಷರ ಕಾಗೆ ಕಾಲಾಗುತ್ತಾ ಹೋಗುತ್ತದೆ. ಬರೆಯುವವನಿಗೆ ಮಾತ್ರ ತಾನು ಸರಿ ಇದ್ದೇನೆ ಅನ್ನುವ ಧೈರ್ಯ. 35,000 ಅಡಿಯಲ್ಲಿ ಆಕ್ಸಿಜನ್ ಇಲ್ಲದೆ ತಲೆ ನೆಟ್ಟಗಿರುವುದು 30ರಿಂದ 60 ಸೆಕೆಂಡ್, ಒತ್ತಡ ಒಮ್ಮೆಲೇ ಹೋದರೆ ಇನ್ನೂ ಕಡಿಮೆ. ಅದಕ್ಕೇ 'ಮೊದಲು ನಿಮ್ಮ ಮಾಸ್ಕ್, ಆಮೇಲೆ ಮಗುವಿನದು' ಅನ್ನುವುದು. ಮಗುವಿಗೆ ಹಾಕಲು ಹೋಗಿ ದಾರ ಸಿಕ್ಕಿಕೊಂಡರೆ ಇಬ್ಬರಿಗೂ ಇಲ್ಲ.

ನವನಗರದ ತಾಯಿ:
ಆ ಸಾಲು ಕೇಳಿದಾಗಲೆಲ್ಲ ನನಗೆ ಸಿಟ್ಟು ಬರುತ್ತಿತ್ತು. ಯಾವ ತಾಯಿ ಹಾಗೆ ಮಾಡುತ್ತಾಳೆ ಅಂತ. ಈಗ ಕಾರಣ ತಿಳಿಯಿತು.

ರಾಣೆಬೆನ್ನೂರು ಬೀಜದಂಗಡಿ:
ಮಾಸ್ಕ್‌ನಲ್ಲಿ ಎಷ್ಟು ಹೊತ್ತು ಗಾಳಿ ಬರುತ್ತದೆ?

ಬಿವಿಬಿ ಮೆಕ್ಯಾನಿಕಲ್:
12ರಿಂದ 15 ನಿಮಿಷ. ಅಷ್ಟರಲ್ಲಿ ಪೈಲಟ್ 10,000 ಅಡಿಗೆ ಇಳಿಸಿರುತ್ತಾನೆ, ಅಲ್ಲಿ ಮಾಸ್ಕ್ ಇಲ್ಲದೆ ಉಸಿರಾಡಬಹುದು. ಹೆಚ್ಚಿನ ವಿಮಾನಗಳಲ್ಲಿ ತಲೆ ಮೇಲೆ ಸಿಲಿಂಡರ್ ಇರುವುದಿಲ್ಲ. ಸಣ್ಣ ಡಬ್ಬಿಯಲ್ಲಿ ಸೋಡಿಯಂ ಕ್ಲೋರೇಟ್ ಇರುತ್ತದೆ. ಮಾಸ್ಕ್ ಜಗ್ಗಿದಾಗ ರಾಸಾಯನಿಕ ಕ್ರಿಯೆ ಶುರುವಾಗಿ ಆಕ್ಸಿಜನ್ ಹುಟ್ಟುತ್ತದೆ. ಡಬ್ಬಿ ಸಿಕ್ಕಾಪಟ್ಟೆ ಬಿಸಿಯಾಗುತ್ತದೆ, ಸುಟ್ಟ ವಾಸನೆ ಬರುತ್ತದೆ, ಬೆಂಕಿ ಅಂತ ಗಾಬರಿಯಾಗಬೇಡಿ. ಚೀಲ ಉಬ್ಬದಿದ್ದರೂ ಆಕ್ಸಿಜನ್ ಬರುತ್ತಿರುತ್ತದೆ. ಜಗ್ಗುವುದನ್ನು ಮಾತ್ರ ಮರೆಯಬೇಡಿ. ಸುಮ್ಮನೆ ಮೂಗಿಗೆ ಇಟ್ಟುಕೊಂಡರೆ ಏನೂ ಬರುವುದಿಲ್ಲ.

ಗದಗ ನಿವೃತ್ತ:
ಮೂಗಷ್ಟೇ ಅಲ್ಲ, ಬಾಯಿಯೂ ಮುಚ್ಚಬೇಕು. 2018ರ ಏಪ್ರಿಲ್‌ನಲ್ಲಿ ಅಮೆರಿಕದ ಸೌತ್‌ವೆಸ್ಟ್ ವಿಮಾನದ ಎಂಜಿನ್ ಒಡೆದು ಕಿಟಕಿ ಹೋಯಿತು. ಆಗ ಪ್ರಯಾಣಿಕರು ತೆಗೆದ ಫೋಟೋ ನೋಡಿ, ಎಷ್ಟೋ ಜನ ಬಾಯಿಗೆ ಮಾತ್ರ ಹಾಕಿಕೊಂಡು ಮೂಗು ಬಿಟ್ಟಿದ್ದಾರೆ.

ಗಿರ್ಮಿಟ್ ಗಿರಾಕಿ:
ಕೊರೊನಾ ಕಾಲದಲ್ಲಿ ನಮ್ಮ ದುರ್ಗದಬೈಲಿನಲ್ಲಿ ಗದ್ದಕ್ಕೆ ಹಾಕುತ್ತಿದ್ದರು. ನಾವು ಇನ್ನೂ ಒಂದು ಹೆಜ್ಜೆ ಮುಂದೆ.

ರಾಣೆಬೆನ್ನೂರು ಬೀಜದಂಗಡಿ:
ಯಾರಾದರೂ ತಲೆಕೆಟ್ಟವನು ಮೇಲೆ ಬಾಗಿಲು ತೆಗೆದರೆ?

ಸಾಧನಕೇರಿ ಮಾಸ್ತರ:
ಮೇಲೆ ತೆಗೆಯಲು ಆಗುವುದಿಲ್ಲ. ಹೆಚ್ಚಿನ ಬಾಗಿಲುಗಳನ್ನು ತೆರೆಯುವಾಗ ಮೊದಲು ಸ್ವಲ್ಪ ಒಳಗೆ ಅಥವಾ ಮೇಲಕ್ಕೆ ಸರಿಸಬೇಕು. ಒಳಗಿನ ಒತ್ತಡ ಅದನ್ನು ಚೌಕಟ್ಟಿಗೆ ಅದುಮಿ ಹಿಡಿದಿರುತ್ತದೆ. ಚದರ ಇಂಚಿಗೆ 8 ಪೌಂಡ್ ವ್ಯತ್ಯಾಸ ಅಂದರೂ ಇಡೀ ಬಾಗಿಲಿಗೆ ಟನ್‌ಗಟ್ಟಲೆ ಭಾರ. ಪೈಲ್ವಾನನೂ ಸೋಲುತ್ತಾನೆ.

ಬ್ಯಾಡಗಿ ಖಾರ:
2023ರ ಮೇ ತಿಂಗಳಲ್ಲಿ ದಕ್ಷಿಣ ಕೊರಿಯಾದಲ್ಲಿ ಒಬ್ಬ ತೆಗೆದನಲ್ಲ? ವಿಡಿಯೋ ಇದೆ.

ಸಾಧನಕೇರಿ ಮಾಸ್ತರ:
ಅದು ಇಳಿಯುವಾಗ, ನೆಲದಿಂದ ಸುಮಾರು 700 ಅಡಿ ಮೇಲೆ. ಅಷ್ಟು ಕೆಳಗೆ ಒಳಗೂ ಹೊರಗೂ ಒತ್ತಡ ಹೆಚ್ಚೂಕಡಿಮೆ ಒಂದೇ. ಅದುಮಿ ಹಿಡಿಯುವ ಬಲ ಇರಲಿಲ್ಲ.

ಬ್ಯಾಡಗಿ ಖಾರ:
2024ರ ಜನವರಿಯಲ್ಲಿ ಅಲಾಸ್ಕಾ ಏರ್‌ಲೈನ್ಸ್‌ನ ಹೊಸ 737 ಮ್ಯಾಕ್ಸ್‌ನಲ್ಲಿ ಬಾಗಿಲ ಜಾಗದ ಮುಚ್ಚಳವೇ ಹಾರಿಹೋಯಿತಲ್ಲ, ಅದಕ್ಕೇನು ಅನ್ನುತ್ತೀರಿ? ನಾಲ್ಕು ಬೋಲ್ಟ್ ಹಾಕಿರಲೇ ಇಲ್ಲ!

ಗದಗ ನಿವೃತ್ತ:
ಅದಕ್ಕೆ ನನ್ನ ಹತ್ತಿರ ಸಮರ್ಥನೆ ಇಲ್ಲ. ಕಾರ್ಖಾನೆಯಲ್ಲಿ ರಿಪೇರಿಗೆ ಅಂತ ಬಿಚ್ಚಿ ವಾಪಸ್ ಬೋಲ್ಟ್ ಹಾಕಲಿಲ್ಲ. ವಿಮಾನ ಸುಮಾರು 16,000 ಅಡಿಯಲ್ಲಿತ್ತು, ಎಲ್ಲರೂ ಬೆಲ್ಟ್ ಹಾಕಿದ್ದರು, ಪಕ್ಕದ ಸೀಟು ಖಾಲಿ ಇತ್ತು. ಯಾರೂ ಸಾಯಲಿಲ್ಲ. ಇನ್ನೂ ಮೇಲೆ ಹೋಗಿದ್ದಾಗ, ಜನ ಎದ್ದು ಓಡಾಡುವಾಗ ಆಗಿದ್ದರೆ ಕಥೆಯೇ ಬೇರೆ. ಬೋಲ್ಟ್ ವಿಷಯದಲ್ಲಿ ಟೆಕ್ನಿಷಿಯನ್‌ಗಳಿಗೂ ನಾಚಿಕೆ ಆಗಬೇಕು. 1990ರಲ್ಲಿ ಬ್ರಿಟಿಷ್ ಏರ್‌ವೇಸ್ ವಿಮಾನದ ಮುಂದಿನ ಗಾಜು ಹಾರಿ ಕ್ಯಾಪ್ಟನ್ ಅರ್ಧ ಹೊರಗೆ ಜೋತುಬಿದ್ದಿದ್ದ. ಸಿಬ್ಬಂದಿ ಕಾಲು ಹಿಡಿದುಕೊಂಡು ಉಳಿಸಿದರು. ಹಿಂದಿನ ದಿನ ಗಾಜು ಕೂರಿಸಿದವನು 90 ಬೋಲ್ಟ್‌ಗಳಲ್ಲಿ 84 ಸಣ್ಣವನ್ನು ಹಾಕಿದ್ದ. ಕಣ್ಣಳತೆ! ನಮ್ಮ ಕಾಲದಲ್ಲಿ ಹಾಗೆ ಮಾಡಿದ್ದರೆ ಸಾರ್ಜೆಂಟ್ ಚರ್ಮ ಸುಲಿಯುತ್ತಿದ್ದ.

ಬ್ಯಾಡಗಿ ಖಾರ:
ಅಬ್ಬಾ, ಕೊನೆಗೂ ಒಂದು ವಿಷಯದಲ್ಲಿ ನಾವಿಬ್ಬರೂ ಒಂದಾದೆವು.

ನವನಗರದ ತಾಯಿ:
ಕಿಟಕಿ ಗಾಜಿನ ಕೆಳಗೆ ಒಂದು ಸಣ್ಣ ತೂತು ಇರುತ್ತದಲ್ಲ, ಅದರಿಂದ ಗಾಳಿ ಹೋಗುವುದಿಲ್ಲವಾ? ನನ್ನ ಮಗ ಅದಕ್ಕೆ ಬೆರಳಿಟ್ಟು ಮುಚ್ಚುತ್ತಾನೆ.

ಬಿವಿಬಿ ಮೆಕ್ಯಾನಿಕಲ್:
ಮುಚ್ಚಲಿ ಬಿಡಿ, ಏನೂ ಆಗುವುದಿಲ್ಲ. ಅವನ ಬೆರಳು ಮುಟ್ಟುವುದು ಒಳಗಿನ ಪ್ಲಾಸ್ಟಿಕ್ ಹಾಳೆಯನ್ನು, ಅದು ಗೀರು ಬೀಳದಿರಲಿ ಅಂತ ಇರುವುದು. ಅದರಾಚೆ ಎರಡು ಗಟ್ಟಿ ಪದರ. ತೂತು ಇರುವುದು ನಡುವಿನದರಲ್ಲಿ. ಅದರಿಂದ ಒತ್ತಡವೆಲ್ಲ ಹೊರಗಿನ ಪದರದ ಮೇಲೆ ಬೀಳುತ್ತದೆ, ನಡುವಿನದು ಆಪತ್ಕಾಲಕ್ಕೆ ಉಳಿದಿರುತ್ತದೆ. ಗಾಜು ಮಂಜಾಗುವುದೂ ತಪ್ಪುತ್ತದೆ.

ಹಾನಗಲ್ ಹುಡುಗ:
ನಡುವೆ ಬಂದೆ. ನಾವು ಗೆಳೆಯರೆಲ್ಲ ಮುರ್ಡೇಶ್ವರಕ್ಕೆ ಹೋಗಿ ನೇತ್ರಾಣಿಯಲ್ಲಿ ಸ್ಕೂಬಾ ಮಾಡಿ, ಅದೇ ರಾತ್ರಿ ಹುಬ್ಬಳ್ಳಿಗೆ ಬಂದು ಬೆಳಗಿನ ವಿಮಾನ ಹಿಡಿಯೋಣ ಅಂತ ಇದ್ದೇವೆ. ನಡೆಯುತ್ತದಾ?

ಕಿವಿ ಮೂಗು ಗಂಟಲು, ಧಾರವಾಡ:
ಅವಸರ ಬೇಡ. ನೀರಿನ ಕೆಳಗೆ ಒತ್ತಡ ಜಾಸ್ತಿ, ಆಗ ರಕ್ತದಲ್ಲಿ ನೈಟ್ರೋಜನ್ ಕರಗಿರುತ್ತದೆ. ಕೂಡಲೇ ಕಡಿಮೆ ಒತ್ತಡದ ವಿಮಾನ ಹತ್ತಿದರೆ ಅದು ಗುಳ್ಳೆಯಾಗಿ ಹೊರಬರುತ್ತದೆ. ಕೀಲು ನೋವಿನಿಂದ ಹಿಡಿದು ಲಕ್ವದವರೆಗೂ ಹೋಗಬಹುದು. ಒಂದೇ ಸಲ ಮುಳುಗಿದ್ದರೆ ಕನಿಷ್ಠ 12 ಗಂಟೆ, ಜಾಸ್ತಿ ಸಲ ಮುಳುಗಿದ್ದರೆ ಕನಿಷ್ಠ 18 ಗಂಟೆ ಬಿಡಬೇಕು. ಪೂರ್ತಿ ಒಂದು ದಿನ ಬಿಟ್ಟರೆ ಇನ್ನೂ ಒಳ್ಳೆಯದು. ಹಾಗೇ ಶೀತ ಇದ್ದಾಗ ಮುಳುಗಬೇಡಿ, ಅಲ್ಲಿ ಕಿವಿಗೆ ವಿಮಾನಕ್ಕಿಂತ ಜಾಸ್ತಿ ಪೆಟ್ಟು.

ಹಾನಗಲ್ ಹುಡುಗ:
ಹಾಗಾದರೆ ಒಂದು ದಿನ ಶಿರಸಿಯಲ್ಲಿ ಅತ್ತೆ ಮನೆ. ಅವರಿಗೂ ಖುಷಿ.

ರೈಲೇ ಬೆಸ್ಟ್:
ರೈಲಿನಲ್ಲಿ ಹೋದರೆ ನೈಟ್ರೋಜನ್ ಕಾಟವೂ ಇಲ್ಲ.

ರಾಣೆಬೆನ್ನೂರು ಬೀಜದಂಗಡಿ:
ಕೊನೆಯ ಪ್ರಶ್ನೆ. ಮಗಳಿಗೆ ದೆಹಲಿಗೆ ಮಾವಿನಕಾಯಿ ಉಪ್ಪಿನಕಾಯಿ ಕಳಿಸಬೇಕು. ಕೆಳಗೆ ಹಾಕುವ ಲಗೇಜಿನಲ್ಲಿ ಪ್ರೆಶರ್ ಇರುತ್ತದಾ? ಹೋದ ಸಲ ಡಬ್ಬಿ ಬಿಚ್ಚಿ ಬಟ್ಟೆಯೆಲ್ಲ ಎಣ್ಣೆ.

ಗದಗ ನಿವೃತ್ತ:
ಇರುತ್ತದೆ. ಪ್ರಯಾಣಿಕರಿಗೂ ಲಗೇಜಿಗೂ ಒಂದೇ ಒತ್ತಡ, ನಡುವೆ ಇರುವುದು ನೆಲ ಮಾತ್ರ. 1974ರಲ್ಲಿ ಪ್ಯಾರಿಸ್ ಹತ್ತಿರ ಟರ್ಕಿಯ ಡಿಸಿ-10 ವಿಮಾನದ ಲಗೇಜ್ ಬಾಗಿಲು ಕಿತ್ತುಹೋಗಿ, ಕೆಳಗೆ ಒತ್ತಡ ಇಲ್ಲವಾಗಿ, ಮೇಲಿನ ನೆಲವೇ ಕುಸಿಯಿತು. ಅದರಡಿ ಹಾದುಹೋಗಿದ್ದ ಕಂಟ್ರೋಲ್ ಕೇಬಲ್‌ಗಳೂ ಹೋದವು. 346 ಜನ ಸತ್ತರು. ಆಮೇಲೆ ನೆಲದಲ್ಲಿ ಗಾಳಿ ಹಾಯಲು ದಾರಿ ಮಾಡಿದರು.

ಗಿರ್ಮಿಟ್ ಗಿರಾಕಿ:
ಅವರು ಉಪ್ಪಿನಕಾಯಿ ಕೇಳಿದರೆ ನೀವು 346 ಜನ ಅನ್ನುತ್ತೀರಿ.

ಸಾಧನಕೇರಿ ಮಾಸ್ತರ:
ಉಪ್ಪಿನಕಾಯಿಗೆ ಉತ್ತರ: ಡಬ್ಬಿಯಲ್ಲಿ ಎಣ್ಣೆಯ ಮೇಲೆ ಉಳಿದ ಗಾಳಿ ಹಿಗ್ಗಿ ಎಣ್ಣೆಯನ್ನು ಮುಚ್ಚಳದಿಂದ ಹೊರಗೆ ತಳ್ಳುತ್ತದೆ. ತಿರುಗಿಸುವ ಗಟ್ಟಿ ಮುಚ್ಚಳದ ಡಬ್ಬಿ ತೆಗೆದುಕೊಳ್ಳಿ. ಗಾಳಿ ಕಡಿಮೆ ಉಳಿಯುವ ಹಾಗೆ ತುಂಬಿ, ಬಾಯಿಗೆ ಪ್ಲಾಸ್ಟಿಕ್ ಹಾಳೆ ಬಿಗಿದು ಮುಚ್ಚಿ, ನೆಟ್ಟಗೆ ಇಡಿ. ಮೇಲೆ ಎರಡು ಕವರ್.

ರಾಣೆಬೆನ್ನೂರು ಬೀಜದಂಗಡಿ:
ಆಯಿತು ಸರ್. ಎಣ್ಣೆ ಕಡಿಮೆ ಹಾಕು ಅಂತ ಮನೆಯವಳಿಗೆ ಹೇಳುವ ಧೈರ್ಯ ನನಗಿಲ್ಲ, ಡಬ್ಬಿಯನ್ನೇ ಬದಲಿಸುತ್ತೇನೆ.